ಮಠದ ಜಾಡಿ

"ಕೈ ತೆಗೀ! ಜಾಡಿ ತಂಟೆಗೆ ಬರಬೇಡ ಅಂತ ಹನ್ನೊಂದು ವರ್ಷದಿಂದ ಬಡ್ಕೋತಾ ಇದೀನಿ. ಕಿವಿಗೆ ಬೀಳಲ್ವೇನೇ ನಿಂಗೆ?"

ದಾಕ್ಷಾಯಣಮ್ಮನ ದನಿಗೆ ಪಡಸಾಲೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಸೊಸೆ ಸುಮನಾ ಕೈಯಲ್ಲಿದ್ದ ಸಣ್ಣ ತಕ್ಕಡಿಯನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು. ಅವಳು ಆಡಿದ್ದು ಒಂದೇ ಮಾತು. ಈ ಸಲ ಉಪ್ಪನ್ನು ತೂಗಿ ಕೊಡಲಾ ಅತ್ತೆ ಎಂದು ಕೇಳಿದ್ದಳು.

"ತೂಗಿ ಹಾಕೋದು ನಿನ್ ಫ್ಯಾಕ್ಟ್ರೀಲಿ ಇಟ್ಕೋ. ಈ ಮನೇಲಿ ಉಪ್ಪಿಗೆ ನನ್ ಕೈ ಐತೆ!"

ಸುಮನಾ ವಸಂತನರಸಾಪುರದ ಒಂದು ಉಪ್ಪಿನಕಾಯಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸಕ್ಕಿದ್ದಳು. ಈ ವಾರಕ್ಕೆಂದೇ ರಜೆ ಹಾಕಿ ಮನೆಯಲ್ಲಿ ನಿಂತಿದ್ದಳು. ಊರಿಗೆಲ್ಲ ಉಪ್ಪಿನಕಾಯಿಯ ರುಚಿ ನೋಡಿ ಕಳಿಸುವವಳಿಗೆ ಸ್ವಂತ ಮನೆಯ ಜಾಡಿಯ ಬಟ್ಟೆ ಬಿಚ್ಚುವ ಹಕ್ಕಿರಲಿಲ್ಲ. ಅವಳು ತಕ್ಕಡಿ ಹಿಡಿದು ಒಳಗೆ ಹೋದಳು.

ಓದುಗರು ದಾಕ್ಷಾಯಣಮ್ಮನನ್ನು ಬೈದುಕೊಳ್ಳಬಹುದು. ಬೈದುಕೊಳ್ಳಲಿ, ತಪ್ಪೇನಿಲ್ಲ. ಆದರೆ ಆ ಮುದುಕಿಯ ಎದೆಯೊಳಗೆ ಆ ಹೊತ್ತು ಏನು ಕುದಿಯುತ್ತಿತ್ತು ಎಂಬುದನ್ನೂ ಸ್ವಲ್ಪ ಕೇಳಿ.

ಚೇಳೂರಿನ ಮಗ್ಗುಲಿನ ಆ ತೆಂಗಿನ ತೋಟದ ಬದುವಿನಲ್ಲಿ ನಾಲ್ಕು ನಾಟಿ ಮಾವಿನ ಮರಗಳಿದ್ದವು. ಬೇಸಿಗೆಯಲ್ಲಿ ಒಂದು ವಾರ ಮನೆಗೆ ಮನೆಯೇ ಆ ಮರಗಳಿಗೆ ಊಳಿಗಕ್ಕೆ ನಿಂತಂತೆ ಇರುತ್ತಿತ್ತು. ಸೋಮವಾರ ಗಂಡ ಅಡವಿಯಪ್ಪನವರೂ ಮಗ ಸೋಮಶೇಖರನೂ ದೋಟಿ ಹಿಡಿದು ಕಾಯಿ ಇಳಿಸುತ್ತಿದ್ದರು. ನೆಲಕ್ಕೆ ಬಿದ್ದ ಕಾಯನ್ನು ಜಾಡಿಗೆ ಸೇರಿಸುವಂತಿರಲಿಲ್ಲ. ಮಂಗಳವಾರ ತೊಳೆದು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸುವುದು, ಬುಧವಾರ ಹೆಚ್ಚಿ ಅರಿಶಿನ, ಉಪ್ಪು ಬೆರೆಸುವುದು. ಹೋಳು ನೀರು ಬಿಟ್ಟುಕೊಂಡ ಮೇಲೆ ಭಾನುವಾರ ಖಾರ, ಸಾಸಿವೆ, ಎಣ್ಣೆ. ಎರಡು ಜಾಡಿಗಳಲ್ಲಿ ಒಂದು ಮನೆಗೆ, ಇನ್ನೊಂದು ಮರುದಿನ ಸೋಮವಾರ ಮಠದ ದಾಸೋಹಕ್ಕೆ. ಮೂವತ್ತೆಂಟು ವರ್ಷಗಳಿಂದ ಮಠದ ಜಾಡಿ ಒಂದು ಸಲವೂ ತಪ್ಪಿರಲಿಲ್ಲ. ಪಂಕ್ತಿಯಲ್ಲಿ ಕೂತವರು ಎಲೆಯ ತುದಿಯ ಹೋಳನ್ನು ಚಪ್ಪರಿಸಿ, "ಇದು ಚೇಳೂರಿನ ದಾಕ್ಷಾಯಣಮ್ಮನ ಕೈ" ಅನ್ನುತ್ತಿದ್ದರು. ಆಕೆಗೆ ಒಡವೆ ಇರಲಿಲ್ಲ, ಓದು ಇರಲಿಲ್ಲ. ಇದ್ದದ್ದು ಅದೊಂದು ಮಾತು.

ಹೋದ ಶ್ರಾವಣದಲ್ಲಿ ಬಂದ ಜ್ವರ ಅದನ್ನೂ ಕಿತ್ತುಕೊಂಡು ಹೋಗಿತ್ತು! ಜ್ವರ ಬಿಟ್ಟ ದಿನ ಗಂಜಿ ಕುಡಿದರೆ ಸಪ್ಪೆ. ಉಪ್ಪು ಹಾಕಿಕೊಂಡರೂ ಸಪ್ಪೆ. ಗಾಬರಿಯಾಗಿ ಹಸಿಮೆಣಸಿನಕಾಯಿ ಕಚ್ಚಿದರೆ ಉರಿ ಮಾತ್ರ ಹತ್ತಿತು, ರುಚಿ ಇಲ್ಲ, ವಾಸನೆ ಇಲ್ಲ. ದಸರೆಗೆ ಸರಿಹೋದೀತು, ಸಂಕ್ರಾಂತಿಗೆ ಸರಿಹೋದೀತು ಎಂದು ಕಾದರು. ಒಂಬತ್ತು ತಿಂಗಳಾದರೂ ಬರಲಿಲ್ಲ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಹೇಳಿದರೆ ಜಾಡಿ ಸೊಸೆಯ ಪಾಲಾಗುತ್ತದೆ, ತಾನು ಮೂಲೆಯಲ್ಲಿ ಕೂತು ಬತ್ತಿ ಹೊಸೆಯುವ ಮುದುಕಿಯಾಗುತ್ತೇನೆ ಎಂಬ ಭಯ... ಅದೃಷ್ಟಕ್ಕೆ ಇಷ್ಟು ದಿನ ಸಾರಿಗಾಗಲಿ ಪಲ್ಯಕ್ಕಾಗಲಿ ಮನೆಯಲ್ಲಿ ಯಾರೂ ತಪ್ಪು ಹೇಳಿರಲಿಲ್ಲ. ನಾಲಿಗೆ ಹೋದರೂ ಕೈ ಮರೆತಿಲ್ಲ ಎಂದು ಅವರು ಧೈರ್ಯ ತಂದುಕೊಂಡಿದ್ದರು.

ಆ ಧೈರ್ಯದ ಮೇಲೆಯೇ ಈ ಬುಧವಾರ ಸೊಸೆಯನ್ನು ಬೈದು ಒಳಗೆ ಕಳಿಸಿ ಮನೆಯ ಜಾಡಿ ತುಂಬಿಸಿದರು. ಮಠದ್ದಕ್ಕೆ ಹೋಳು ಸುರಿದು ಅರಿಶಿನ ಕಲಸುತ್ತಿರುವಾಗ ಪಕ್ಕದ ಮನೆಯ ಪುಟ್ಟತಾಯಮ್ಮ ಮೊಮ್ಮಗಳ ಲಗ್ನಪತ್ರಿಕೆ ಹಿಡಿದುಕೊಂಡು ಬಂದರು. ಅರಿಶಿನ ಕುಂಕುಮ, ಕಾಫಿ, ಬೀಗರ ಮನೆಯ ಸಮಾಚಾರ ಎಲ್ಲ ಮುಗಿದು ಆಕೆ ಎದ್ದಾಗ ಒಂದು ತಾಸು ಕಳೆದಿತ್ತು. ವಾಪಸ್ಸು ಬಂದು ನೋಡಿದರೆ ಹಳದಿ ಹೋಳುಗಳು ಮಿರಮಿರ ಮಿಂಚುತ್ತಿದ್ದವು. ಉಪ್ಪು ಹಾಕಿದ್ದೆನೋ ಇಲ್ಲವೋ? ಹೋದ ವರ್ಷವಾಗಿದ್ದರೆ ಬೆರಳನ್ನು ನಾಲಿಗೆಗೆ ಮುಟ್ಟಿಸಿದರೆ ಸಾಕಿತ್ತು. ಹಾಕಿದ್ದೇನೆ, ಹಾಕದೆ ಎಲ್ಲಿ ಹೋಗುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡು ಜಾಡಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದರು. ಪ್ರತಿ ವರ್ಷ ದಿನಕ್ಕೊಂದು ಸಲ ಬಟ್ಟೆ ಬಿಚ್ಚಿ ವಾಸನೆ ನೋಡುವುದು ವಾಡಿಕೆ. ಈ ವರ್ಷ ಬಿಚ್ಚಲಿಲ್ಲ, ಬಿಚ್ಚಿ ಮೂಸಿ ಆಗಬೇಕಾದ್ದೇನು?

ಶುಕ್ರವಾರ ಕುಣಿಗಲ್‌ನಿಂದ ಮಗಳು ದೀಪಿಕಾ ಬಂದಳು. ಶನಿವಾರ ಬೆಳಿಗ್ಗೆ ದಾಕ್ಷಾಯಣಮ್ಮ ವಿಭೂತಿ ಧರಿಸಿ ಶಿವಪೂಜೆ ಮುಗಿಸಿ ಉಗ್ರಾಣದ ಬಾಗಿಲು ತಳ್ಳಿದರೆ ಕಂಡದ್ದೇನು! ಮಠದ ಜಾಡಿಯ ಬಾಯಿ ತೆರೆದಿತ್ತು. ಸುಮನಾ ಮೊಣಕೈವರೆಗೂ ಕೈ ಇಳಿಸಿ ಹೋಳುಗಳನ್ನು ಬಾಚಿ ಬಾಚಿ ಬುಟ್ಟಿಗೆ ಸುರಿಯುತ್ತಿದ್ದಳು.

"ಅಯ್ಯೋ ಶಿವನೇ! ಬನ್ರೋ, ಬನ್ರೋ ಇಲ್ಲಿ! ಇವಳು ಮಠದ ಜಾಡೀನ ಬರಿದು ಮಾಡ್ತಾವ್ಳೆ!"

ಮನೆಯವರೆಲ್ಲ ಓಡಿ ಬಂದರು. ದೀಪಿಕಾ ಬುಟ್ಟಿಯ ಹತ್ತಿರ ಬಗ್ಗಿದವಳೇ ಮೂಗು ಮುಚ್ಚಿಕೊಂಡಳು. "ಥೂ, ಹುಳಿತು ನಾರ್ತಾ ಇದೆ! ಏನ್ ಮಾಡಿದ್ರಿ ಅತ್ತಿಗೆ ಇದಕ್ಕೆ?"

ಸುಮನಾ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತಾ ಹೇಳಿದಳು, "ನನ್ನಿಂದ ತಪ್ಪಾಯ್ತು. ಮೊನ್ನೆ ಸುಮ್ನೆ ನೋಡೋಣ ಅಂತ ಬಿಚ್ಚಿ ಕೈ ಹಾಕ್ದೆ. ಕೈ ಒದ್ದೆ ಇತ್ತು... ನೀರು ತಾಗಿ ಕೆಟ್ಟೋಯ್ತು."

"ಒದ್ದೆ ಕೈಯಾ? ಫ್ಯಾಕ್ಟ್ರೀಲಿ ಇದೇನಾ ನೀನು ಕಲಿತಿದ್ದು?" ಸೋಮಶೇಖರ ಹೆಂಡತಿಯ ಮೇಲೆ ಹಾರಾಡಿದ. "ಸೋಮವಾರ ಮಠದಲ್ಲಿ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ ನಾನು?"

"ಅಮ್ಮನ ಹೆಸರು ಮಣ್ಣುಪಾಲು ಮಾಡಿದ್ರಲ್ಲ ಅತ್ತಿಗೆ!" ಎಂದು ದೀಪಿಕಾ ಕಣ್ಣು ಒರೆಸಿಕೊಂಡಳು.

ದಾಕ್ಷಾಯಣಮ್ಮನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಪೂರ್ತಿ ಬರೆಯಲು ಮನಸ್ಸಾಗದು. ತವರಿಗೆ ಹೋಗು ಎಂದರು. ಈ ಹೊಸಿಲು ತುಳಿಯಬೇಡ ಎಂದರು. ಬಯ್ಯುತ್ತ ಬಯ್ಯುತ್ತಲೇ ದಾಕ್ಷಾಯಣಮ್ಮ, ನೋಡಿ ಇದರ ಗತಿ ಎಂದು ಎಲ್ಲರಿಗೂ ತೋರಿಸಲು ಜಾಡಿಯನ್ನು ಬೆಳಕಿಗೆ ಓರೆ ಮಾಡಿದರು.

ಜಾಡಿಯ ತಳದಲ್ಲಿ ನೀರಿರಲಿಲ್ಲ. ಒಂದು ಹನಿಯೂ ಇರಲಿಲ್ಲ.

ಉಪ್ಪು ಬಿದ್ದ ಹೋಳು ಮೂರು ದಿನಕ್ಕೆ ತನ್ನ ನೀರಿನಲ್ಲೇ ಮುಳುಗಬೇಕು. ಅದನ್ನು ತಿಳಿಯಲು ನಾಲಿಗೆ ಬೇಕಿಲ್ಲ, ಮೂಗು ಬೇಕಿಲ್ಲ, ಕಣ್ಣೊಂದಿದ್ದರೆ ಸಾಕು. ಬುಧವಾರ, ಪುಟ್ಟತಾಯಮ್ಮ, ಲಗ್ನಪತ್ರಿಕೆ... ಉಪ್ಪು ಹಾಕಿರಲೇ ಇಲ್ಲ! ಕಣ್ಣು ತಾನಾಗಿ ಆ ಕಡೆ ಹೊರಳಿತು. ಬುಟ್ಟಿಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಮೊರದಲ್ಲಿ ಆಗಷ್ಟೇ ಹೆಚ್ಚಿದ ಹೊಸ ಹೋಳುಗಳಿದ್ದವು. ಕೆಟ್ಟದ್ದನ್ನು ತೆಗೆದು, ಹೊಸದನ್ನು ತುಂಬಿ, ಯಾರಿಗೂ ತಿಳಿಯದ ಹಾಗೆ ಅತ್ತೆಯ ಹೆಸರು ಉಳಿಸಲು ಹೊರಟಿದ್ದಳು ಈ ಹುಡುಗಿ.

ಸುಮ್ಮನಿದ್ದುಬಿಟ್ಟರೆ ಆಗಿತ್ತು. ಸೊಸೆ ತಾನಾಗಿಯೇ ತಪ್ಪು ಹೊತ್ತುಕೊಂಡಿದ್ದಳು. ಮನೆಯವರೆಲ್ಲ ನಂಬಿದ್ದರು. ಮಠದಲ್ಲೂ ನಂಬುತ್ತಿದ್ದರು. ಮೂವತ್ತೆಂಟು ವರ್ಷದ ಹೆಸರಿಗೆ ಒಂದು ಚೂರೂ ಮುಕ್ಕಾಗುತ್ತಿರಲಿಲ್ಲ. ದಾಕ್ಷಾಯಣಮ್ಮನ ಮನಸ್ಸು ಒಂದು ಗಳಿಗೆ ಆ ಕಡೆ ವಾಲಿದ್ದೂ ನಿಜ, ಸುಳ್ಳು ಯಾಕೆ ಹೇಳಬೇಕು.

"ಅತ್ತಿಗೇನ ಮೊದ್ಲು ಆಚೆ ಕಳಿಸಮ್ಮ," ಎಂದಳು ದೀಪಿಕಾ.

"ಬಾಯ್ ಮುಚ್ಚೇ!" ಮುದುಕಿ ಚೀರಿದರು. ಜಾಡಿಯ ಪಕ್ಕ ನೆಲದ ಮೇಲೆ ಕೂತರು. "ಅವಳು ಕೈ ಹಾಕಿ ಕೆಡಲಿಲ್ಲ ಕಣ್ರೋ... ನಾನು ಉಪ್ಪೇ ಹಾಕಿಲ್ಲ! ಹಾಕಿದೀನೋ ಇಲ್ವೋ ಅಂತ ನೋಡೋಕೆ ನಂಗೆ ನಾಲ್ಗೆ ಇಲ್ಲ. ಶ್ರಾವಣದ ಜ್ವರದಲ್ಲಿ ಹೋಯ್ತು. ನಿಮಗೆಲ್ಲ ಬಡಿಸ್ತಾ ಇದೀನಲ್ಲ, ಏನು ಬಡಿಸ್ತಿದೀನಿ ಅಂತಾನೇ ನಂಗೆ ಗೊತ್ತಿಲ್ಲ ಕಣ್ರೋ!"

ಅಡವಿಯಪ್ಪನವರು ಹೆಂಡತಿಯ ಪಕ್ಕ ಕೂತರು. "ನಂಗಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತೇನೇ?" ಎಂದರು.

"ಸಾರು ಸರಿಯಾಗೇ ಇರ್ತಿತ್ತಲ್ಲಮ್ಮ," ಎಂದ ಸೋಮಶೇಖರ, ನಂಬಲಾಗದೆ.

ದಾಕ್ಷಾಯಣಮ್ಮ ನಿಧಾನವಾಗಿ ಸೊಸೆಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

ಸುಮನಾ ತಲೆಯಾಡಿಸಿದಳು. "ದಸರೆಯಲ್ಲಿ ಹಾಲು ಸೀದುಹೋಯ್ತಲ್ಲ ಅತ್ತೆ, ಮನೆಯೆಲ್ಲಾ ಹೊಗೆ ವಾಸನೆ. ನೀವು ಒಲೆಗೆ ಬೆನ್ನು ಮಾಡಿ ಕೂತು ಹೂ ಕಟ್ತಾ ಇದ್ರಿ. ಅವತ್ತು ಗೊತ್ತಾಯ್ತು. ಆಮೇಲೆ ದಿನಾ... ನೀವು ಇಳಿಸಿದ ಮೇಲೆ ಹೋಗಿ ಸರಿ ಮಾಡ್ತಿದ್ದೆ."

ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೂ ಇವಳು ಅಡುಗೆಮನೆಗೆ ಯಾಕೆ ಇಣುಕುತ್ತಾಳೆ, ಯಜಮಾನಿಕೆ ಕಸಿಯಲು ಹೊಂಚು ಹಾಕುತ್ತಾಳೆ ಎಂದು ಅದೆಷ್ಟು ಸಲ ಚುಚ್ಚಿದ್ದರು! ದಾಕ್ಷಾಯಣಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಯಾಕೇ ಹೇಳ್ಲಿಲ್ಲ? ಊರೆಲ್ಲಾ ಸಾರಬಹುದಿತ್ತಲ್ಲ ನೀನು!"

"ನೀವೇ ಮುಚ್ಚಿಟ್ಕೊಂಡಿದ್ರಲ್ಲ ಅತ್ತೆ. ಬಿಚ್ಚೋಕೆ ನಾನ್ಯಾರು?"

ಮುದುಕಿ ಆಗ ಅತ್ತರು... ಗಂಡ ಮಕ್ಕಳ ಮುಂದೆ, ಕುಂಕುಮ ಕದಡುವ ಹಾಗೆ ಅತ್ತರು. ಯಾರೂ ತಡೆಯಲಿಲ್ಲ. ಅತ್ತು ಮುಗಿಸಿ ಮಗನ ಫೋನು ಈಸಿಕೊಂಡು ಮಠಕ್ಕೆ ಹಚ್ಚಿಸಿದರು. ದಾಸೋಹ ನೋಡಿಕೊಳ್ಳುವ ಮಹಾದೇವಯ್ಯನವರು ಆ ಕಡೆ ಮಾತಿಗೆ ಸಿಕ್ಕರು.

"ಬುದ್ಧಿ, ಜಾಡಿ ಈ ವರ್ಷ ನಾಕು ದಿನ ತಡ ಆಗ್ತದೆ. ಇನ್ನೊಂದು ಮಾತು... ಪಂಕ್ತೀಲಿ ಕೇಳಿದೋರಿಗೆ ನನ್ ಹೆಸರು ಹೇಳಬೇಡಿ. ಇನ್ ಮೇಲೆ ಅದು ನನ್ ಸೊಸೆ ಸುಮನಾ ಕೈ. ಹಂಗೇ ಹೇಳಿ."

ಫೋನು ಇಟ್ಟಾಗ ಅವರ ಮುಖ ನೋಡುವಂತಿರಲಿಲ್ಲ. ಆದರೂ ಎದ್ದರು. ಸೋಮಶೇಖರ ಹೆಂಡತಿಯ ಮುಖ ನೋಡಲಾರದೆ ದೋಟಿ ಹಿಡಿದು ತೋಟಕ್ಕೆ ಹೋದ. ದೀಪಿಕಾ ಅತ್ತಿಗೆಯ ಎದುರು ಈಳಿಗೆಮಣೆ ಹಾಕಿಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಜಾಡಿಗೆ ಸಾಲುವಷ್ಟು ಹೊಸ ಹೋಳು ಸಿದ್ಧವಾಯಿತು. ದಾಕ್ಷಾಯಣಮ್ಮ ಉಪ್ಪಿನ ಡಬ್ಬಿಯಿಂದ ಒಂದು ಹಿಡಿ ತುಂಬಿ ಸೊಸೆಯ ಅಂಗೈಗೆ ಸುರಿದರು.

"ಉಪ್ಪು ಕೈಯಿಂದ ಕೈಗೆ ಕೊಡಬಾರ್ದಮ್ಮ, ಜಗಳ ಆಗುತ್ತೆ," ಎಂದಳು ದೀಪಿಕಾ.

"ಆಗೋ ಜಗಳ ಎಲ್ಲಾ ಆಗೋಗೈತೆ ಬುಡು," ಎಂದರು ತಾಯಿ.

ಸುಮನಾ ತಕ್ಕಡಿ ತೆಗೆದುಕೊಳ್ಳಲಿಲ್ಲ. ಉಪ್ಪು ಬೆರೆಸಿ, ಒಂದು ಹೋಳು ಎತ್ತಿ ಅತ್ತೆಯ ಕೈಗಿಟ್ಟಳು, ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡಳು. ದಾಕ್ಷಾಯಣಮ್ಮ ಅಗಿದರು. ಹಲ್ಲಿಗೆ ಗಟ್ಟಿ ಹೋಳು ಸಿಕ್ಕಿತು, ಅಷ್ಟೇ.

"ಹೇಳು, ಹೆಂಗೈತೆ?"

"ಹೋದ್ ವರ್ಷಕ್ಕಿಂತ ಹುಳಿ ಜಾಸ್ತಿ ಇದೆ ಅತ್ತೆ. ಹಲ್ಲು ಜುಮ್ ಅನ್ನುತ್ತೆ. ಉಪ್ಪು ಇನ್ನೊಂದು ಹಿಡಿ ಬೇಕು."

"ಹಾಕು," ಎಂದರು ದಾಕ್ಷಾಯಣಮ್ಮ. "ನಿನ್ ಹಿಡೀಲೇ ಹಾಕವ್ವ."