ಜುಂಜೇಶ್ ಕೇಳಿದ ಟಾರ್ಚ್

ಭರಮಸಾಗರದ ಮೀನಾಕ್ಷಿಯ ಫೋನಿನಲ್ಲಿ ಪ್ಲೇ ಸ್ಟೋರ್ ಅಲ್ಲದೆ ಇನ್ನೊಂದು ಆ್ಯಪ್ ಸ್ಟೋರ್ ಕೂಡ ಇತ್ತು. ಗಂಡ ಜುಂಜೇಶ್ ಹಾಕಿಕೊಟ್ಟಿದ್ದು. ಕುರಿ ಮೇಯಿಸುವ ಕಡೆ ನೆಟ್‌ವರ್ಕ್ ಸಿಗದಿದ್ದರೂ, ಪಕ್ಕದಲ್ಲಿರುವ ಫೋನಿಗೆ ಅದರಿಂದ ನೇರವಾಗಿ ಆ್ಯಪ್ ಕಳಿಸಬಹುದಿತ್ತು. ಹೋದ ವರ್ಷ ಕೆರೆಯಲ್ಲಿ ಕುರಿ ತೊಳೆಯುವಾಗ ಜುಂಜೇಶ್ ಮುಳುಗಿ ಸತ್ತ. ಹೆಣ ಸಿಕ್ಕಿತು, ಜೇಬಿನಲ್ಲಿದ್ದ ಫೋನ್ ಸಿಗಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆ ಪಾಲಮ್ಮನ ಜೊತೆ ಮೀನಾಕ್ಷಿ ಕುರಿ ಹೊಡೆದುಕೊಂಡು ಅದೇ ಕೆರೆಯಂಗಳಕ್ಕೆ ಹೋಗಿದ್ದಳು. ಉರಿಬಿಸಿಲಿನಲ್ಲೂ ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ಕೆಸರಿನಂತೆ ತಣ್ಣಗಾಯಿತು. ತೆಗೆದು ನೋಡಿದರೆ ಆ ಸ್ಟೋರಿನಿಂದ ಸೂಚನೆ ಬಂದಿತ್ತು: ‘ಹತ್ತಿರದ ಫೋನ್: ಜುಂಜೇಶ್. ನಿಮ್ಮಿಂದ ಟಾರ್ಚ್ ಆ್ಯಪ್ ಕೇಳುತ್ತಿದ್ದಾರೆ.’

ಅವರಿಬ್ಬರನ್ನು ಬಿಟ್ಟರೆ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಕುರಿಗಳೆಲ್ಲ ಮೇಯುವುದು ಬಿಟ್ಟು ನೀರಿನ ಕಡೆ ಮುಖ ಮಾಡಿ ನಿಂತಿದ್ದವು. ಮೀನಾಕ್ಷಿ ಬೇಡ ಎಂದು ಒತ್ತಿದಳು. ಮತ್ತೆ ಬಂತು. ಮತ್ತೆ ಒತ್ತಿದಳು. ಮತ್ತೆ ಬಂತು.

"ಏನವ್ವ ಅದು?" ಎಂದಳು ಪಾಲಮ್ಮ.

ಮೀನಾಕ್ಷಿ ಓದಿ ಹೇಳಿದಳು. "ಭಯ ಆಗ್ತೈತೆ ಅತ್ತೆ, ಮನೆಗೆ ಹೋಗಾಣ."

ಪಾಲಮ್ಮ ನೀರಿನ ಕಡೆ ತಿರುಗಿದಳು. "ಕೊಟ್ಬಿಡವ್ವ. ಅಲ್ಲಿ ಕತ್ಲೈತೇನೋ ನನ್ ಮಗಂಗೆ."

ಮೀನಾಕ್ಷಿ ಕಣ್ಣು ಮುಚ್ಚಿ ಒಪ್ಪಿಗೆ ಒತ್ತಿದಳು. ‘ತಲುಪಿದೆ’ ಎಂದು ಬಂತು. ಫೋನ್ ಮೆಲ್ಲಗೆ ಬೆಚ್ಚಗಾಯಿತು, ಕುರಿಗಳು ಮೇಯತೊಡಗಿದವು.

ಇಬ್ಬರೂ ಕುರಿ ಹೊಡೆದುಕೊಂಡು ಮನೆಗೆ ಬಂದರು. ಬಾಗಿಲು ಹಾಕಿ, ಆ ಸ್ಟೋರನ್ನೇ ಅಳಿಸಿಬಿಡೋಣವೆಂದು ಮೀನಾಕ್ಷಿ ಫೋನ್ ತೆಗೆದಳು. ಈಗ ಹತ್ತಿರದಲ್ಲಿರುವ ಫೋನುಗಳ ಪಟ್ಟಿಯಲ್ಲಿ ಜುಂಜೇಶನ ಹೆಸರು ಹಾಗೆಯೇ ಇತ್ತು.