ಎಡಕ್ಕೆ ತಿರುಚಿದ ತುದಿ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಗಾರ್ ಕಾರ್ಖಾನೆಯ ಮಾಲೀಕ ಠಾಣೆಗೆ ಬಂದು ದೂರು ಕೊಟ್ಟ. ಐವತ್ತು ವರ್ಷ ಸಿಗಾರ್ ಸುತ್ತಿ ಹೆಸರು ಮಾಡಿದ ಮುದುಕ ಮೇಸ್ತ್ರಿಯ ಗೌರವಕ್ಕೆಂದು ತಯಾರಾಗಿದ್ದ ಲಿಮಿಟೆಡ್ ಎಡಿಷನ್ ಮಾಲು, ಹದಕ್ಕೆಂದು ಇಟ್ಟಿದ್ದ ಬೀಗದ ಕೋಣೆಯಿಂದಲೇ ಮಾಯವಾಗಿತ್ತು. ಒಂದೊಂದನ್ನೂ ಮೇಸ್ತ್ರಿಯೇ ಕೈಯಾರೆ ಸುತ್ತಿದ್ದು ಎಂದು ಜಾಹೀರಾತು ಬೇರೆ ಹೋಗಿತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್ಸ್‌ಟೇಬಲ್‌ನೊಂದಿಗೆ ಹೊರಟರು. ಒಂದು ಕೇಳಿದರೆ ಒಂಬತ್ತು ಹೇಳುವ ಆತನಿಗೆ ಠಾಣೆಯಲ್ಲಿ ಪುರಾಣ ಎಂದೇ ಹೆಸರು.

ಕೋಣೆಯ ಬೀಗ ಒಡೆದಿರಲಿಲ್ಲ.

"ಬೇಲಿನೇ ಎದ್ದು ಹೊಲ ಮೇಯ್ದಿದೆ ಸಾರ್," ಎಂದ ಪುರಾಣ.

ಸ್ಥಳ ಪಂಚನಾಮೆಯ ವೇಳೆ ಕಪಾಟಿನ ಅಡಿಗೆ ಉರುಳಿಹೋಗಿದ್ದ ಒಂದು ಸಿಗಾರ್ ಸಿಕ್ಕಿತು. ಅದರ ಸೊಂಟಕ್ಕೆ ಮೇಸ್ತ್ರಿಯ ಮುಖವಿದ್ದ ಕಾಗದದ ಪಟ್ಟಿ. ತುದಿಯ ಎಲೆಯನ್ನು ಪುಟ್ಟ ಜುಟ್ಟಿನಂತೆ ತಿರುಚಲಾಗಿತ್ತು.

ಇನ್‌ಸ್ಪೆಕ್ಟರ್ ಕೆಲಸದವರ ಸಾಲಿನಲ್ಲಿ ನಿಧಾನವಾಗಿ ನಡೆದರು. ಅಲ್ಲಿ ಎಲ್ಲರೂ ಜುಟ್ಟನ್ನು ಬಲಕ್ಕೆ ತಿರುಚುತ್ತಿದ್ದರು. ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಸಿಗಾರಿನದು ಎಡಕ್ಕೆ ತಿರುಗಿತ್ತು.

"ಎಡಗೈಲಿ ಕೆಲಸ ಮಾಡೋರು ಯಾರಿದ್ದಾರೆ?"

ಸುತ್ತುತ್ತಿದ್ದ ಹೆಂಗಸೊಬ್ಬಳು ತಲೆ ತಗ್ಗಿಸಿದಳು. "ಒಬ್ಳೇ ಇದ್ದಿದ್ದು ಸಾರ್. ಮೇಸ್ತ್ರಿ ಮಗಳು. ಹೋದ ತಿಂಗಳು ತೀರ್ಕೊಂಡ್ಳು."

ಮೇಸ್ತ್ರಿ ಮೂಲೆಯಲ್ಲಿ ತನ್ನ ಮಣೆಯ ಮುಂದೆ ಸುಮ್ಮನೆ ಕೂತಿದ್ದ.

"ಯಜಮಾನ್ರೇ, ಒಂದು ಸುತ್ತಿ ತೋರಿಸ್ತೀರಾ?"

ಎಲೆ ಎತ್ತಿದ ಕೈ ಗಡಗಡ ನಡುಗಿತು. ಎಲೆ ಹರಿಯಿತು.

"ಯಾವಾಗಿನಿಂದ ಹೀಗೆ?"

"ವರ್ಷ ಆಯ್ತು."

"ಹಾಗಾದ್ರೆ ಇದನ್ನೆಲ್ಲ ಸುತ್ತಿದ್ದು ಮಗಳು."

ಮೇಸ್ತ್ರಿ ಹರಿದ ಎಲೆಯನ್ನು ಮಣೆಯ ಮೇಲೆ ಸವರಿ ನೇರ ಮಾಡಿದ.

"ಕೋಣೆ ಬೀಗದ ಕೈ ಯಾರ ಹತ್ರ ಇರುತ್ತೆ?"

ಮೇಸ್ತ್ರಿ ಸೊಂಟದಿಂದ ಅದನ್ನು ಬಿಚ್ಚಿ ಮಣೆಯ ಮೇಲಿಟ್ಟ. "ಮನೇಲಿವೆ ಸಾರ್. ಬನ್ನಿ."

ಮಗಳ ಹಾಸಿಗೆಯ ಮೇಲೆ ಸಿಗಾರುಗಳು ಸಾಲಾಗಿ ಮಲಗಿದ್ದವು, ಒಣಗದಂತೆ ಮೇಲೊಂದು ಒದ್ದೆ ಬಟ್ಟೆ. ಯಾವುದಕ್ಕೂ ಪಟ್ಟಿ ಇರಲಿಲ್ಲ. ಮೇಸ್ತ್ರಿ ತನ್ನ ಮುಖವನ್ನು ಒಂದೊಂದಾಗಿ ಕಿತ್ತು ಹಾಕಿದ್ದ.

"ಜ್ವರ ಅಪ್ಪಾ ಅಂದ್ಲು. ಇದೊಂದು ಮುಗಿಸ್ಬಿಡು ಮಗಳೇ, ನನ್ನ ಮಾನ ಉಳಿಸು ಅಂದೆ. ಮುಗಿಸಿ ಮಲಗಿದೋಳು ಏಳ್ಲೇ ಇಲ್ಲ."

"ಕದ್ದಿದ್ದು ಯಾಕೆ?"

"ಸೇದಿ ಸುಟ್ಟುಬಿಡ್ತಾರಲ್ಲ ಸಾರ್. ಅವಳನ್ನ ಒಂದ್ಸಲ ಸುಟ್ಟಾಗಿದೆ."

ಪುರಾಣ ಒದ್ದೆ ಬಟ್ಟೆಯನ್ನು ಮೆಲ್ಲನೆ ಮಡಚಿಟ್ಟ. ಜಪ್ತಿ ಪಂಚನಾಮೆ ಬರೆಯುವಾಗ ಮೇಸ್ತ್ರಿ, ಒಂದನ್ನಾದರೂ ಬಿಡಿ ಎಂದು ಕೈಮುಗಿದ. ಇನ್‌ಸ್ಪೆಕ್ಟರ್ ಎಲ್ಲವನ್ನೂ ಎಣಿಸಿ ಮೊಹರು ಹಾಕಿದರು. ಮಧ್ಯಾಹ್ನ ಮೂರಕ್ಕೆ ಬಂಧನ. ಕಳ್ಳ ಸಿಕ್ಕರೆ ಠಾಣೆಯಲ್ಲಿ ಟೀ ತರಿಸುವುದು ವಾಡಿಕೆ. ಅಂದು ಯಾರೂ ತರಿಸಲಿಲ್ಲ.

ನ್ಯಾಯಾಲಯ ಮಾಲನ್ನು ಮಾಲೀಕನಿಗೆ ಮರಳಿಸಿತು. ಅವನು ಮೇಸ್ತ್ರಿಯ ಮುಖದ್ದೇ ಹೊಸ ಪಟ್ಟಿ ಸುತ್ತಿಸಿ ಮಾರಿದ. ಮಗಳ ಸುದ್ದಿ ಎತ್ತಲಿಲ್ಲ. ಉಪಕಾರ ಸ್ಮರಣೆಗೆಂದು ಒಂದನ್ನು ಇನ್‌ಸ್ಪೆಕ್ಟರ್ ಮೇಜಿಗೆ ಕಳಿಸಿದ. ಅವರು ಪಟ್ಟಿ ಕಿತ್ತು, ಸಿಗಾರನ್ನು ಜೇಬಿನಲ್ಲಿಟ್ಟುಕೊಂಡು ಮೇಸ್ತ್ರಿಯಿದ್ದ ಜೈಲಿಗೆ ಹೋದರು.

"ತಂಬಾಕು ಒಳಗೆ ಬಿಡಲ್ಲ ಸಾರ್, ನಿಮಗೇ ಗೊತ್ತಲ್ಲ," ಎಂದ ಗೇಟಿನವನು.

ಗೊತ್ತಿತ್ತು. ಇನ್‌ಸ್ಪೆಕ್ಟರ್ ಅದನ್ನು ಮತ್ತೆ ಜೇಬಿಗಿಳಿಸಿ, ಮೇಸ್ತ್ರಿಯನ್ನು ನೋಡದೆಯೇ ಹಿಂದಿರುಗಿದರು.