ಗೋಂದು ಬಿಟ್ಟ ಹಾಳೆ

ಮಾರ್ಚ್ 11, ಸೋಮವಾರ, ಬೆಳಿಗ್ಗೆ 10.20. ಹೆರಿಗೆ ಆಸ್ಪತ್ರೆಯ ದಾಖಲೆ ಗುಮಾಸ್ತರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕ. ಅದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಇಟ್ಟು, ಕೈ ಒರೆಸಿಕೊಂಡು, ಕಳುವಾಗಿದೆ ಎಂದರು.

"ಏನು ಕಳುವಾಗಿದೆ?"

"ಒಂದು ಹಾಳೆ ಸಾರ್. ಇದರಲ್ಲಿದ್ದದ್ದು."

"ಮತ್ತೆ ಕಳುವಾದ ಜಾಗಾನೇ ಹೊತ್ಕೊಂಡು ಬಂದುಬಿಟ್ರಲ್ಲ! ಇನ್ನು ನಾವು ಸ್ಥಳ ಪರಿಶೀಲನೆ ಎಲ್ಲಿ ಮಾಡೋಣ, ನಿಮ್ಮ ಕಂಕುಳಲ್ಲಾ?"

ಗುಮಾಸ್ತರು ಪೆಚ್ಚಾದರು. ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ನಗು ತಡೆದುಕೊಂಡ. ದಪ್ಪ ಮೀಸೆಯ ಕಾರಣಕ್ಕೆ ಠಾಣೆಯಲ್ಲೆಲ್ಲ ಅವನಿಗೆ ಮೀಸೆಯಪ್ಪ ಎಂದೇ ಹೆಸರು.

"ಒಂದು ಹಾಳೆಗೆ ಎಫ್‌ಐಆರಾ ಸಾರ್?" ಎಂದ.

"ಅದು ಮೂವತ್ತೆಂಟು ವರ್ಷದ ಹಿಂದಿನ ಜನನ ದಾಖಲೆ. ಪುಟ 212," ಎಂದರು ಗುಮಾಸ್ತರು. "ಅದನ್ನ ನೋಡೋಕೆ ಒಬ್ಬರು ಕೋರ್ಟ್ ಆದೇಶ ತಂದಿದಾರೆ. ಹೊರಗೆ ಬೆಂಚಿನ ಮೇಲೆ ಕೂತಿದಾರೆ, ನೋಡಿ."

ಬೆಂಚಿನ ಮೇಲಿದ್ದವರು ಕನ್ನಡಕದ ಅಂಗಡಿ ನಡೆಸುವ ಹೆಂಗಸು. ಆದೇಶದ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿತ್ತು. ಕರೆದಾಗ ಬಂದು ಕುಳಿತರು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು.

"ಸಾಕಿದ ಅಮ್ಮ ಹೋದ ವರ್ಷ ಹೇಳಿದ್ರು, ನಿನ್ನ ಹೆತ್ತಿದ್ದು ನಾನಲ್ಲ ಅಂತ. ಹೇಳಿ ಎರಡೇ ವಾರಕ್ಕೆ ತೀರಿಕೊಂಡ್ರು. ಹನ್ನೊಂದು ತಿಂಗಳು ಓಡಾಡಿ ಈ ಆದೇಶ ತಂದೆ."

"ಹೆತ್ತವರು ಸಿಕ್ಕರೆ ಏನು ಮಾಡ್ತೀರಿ?"

"ಸಿಗೋದು ಆಮೇಲಿನ ಮಾತು ಸಾರ್. ಮೊದಲು ಹೆಸರು ಬೇಕು. ಆ ಹೆಸರು ಇರೋದು ಆ ಒಂದು ಹಾಳೇಲಿ. ಇನ್ನೆಲ್ಲೂ ಇಲ್ಲ, ಎಲ್ಲಾ ಕಡೆ ಕೇಳಿ ಆಯ್ತು."

10.55ಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತುವಿನ ಬೆಲೆ ಎಂಬಲ್ಲಿ ಏನು ಬರೆಯಬೇಕೆಂದು ಠಾಣೆಯ ರೈಟರ್‌ಗೆ ತಿಳಿಯಲಿಲ್ಲ. ಗೆರೆ ಎಳೆದು ಬಿಟ್ಟರು.

11.30ಕ್ಕೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಪಂಚನಾಮೆ. ಕಬ್ಬಿಣದ ಬೀರು ಇತ್ತು, ಬೀರುವಿಗೆ ಒಳ್ಳೆಯ ಬೀಗವೂ ಇತ್ತು. ಬೀಗದ ಕೈ ಮಾತ್ರ ಪಕ್ಕದ ಗೋಡೆಯ ಮೊಳೆಯಲ್ಲಿ ತೂಗಾಡುತ್ತಿತ್ತು.

"ಯಾರ್‍ಯಾರಿಗೆ ಗೊತ್ತು ಈ ಮೊಳೆ?"

"ನನಗೆ, ಜವಾನನಿಗೆ, ಬೈಂಡಿಂಗ್ ಕೋಣೆಯ ಗೋಂದಮ್ಮಂಗೆ. ಆಮೇಲೆ ಸಾರ್..." ಗುಮಾಸ್ತರು ದನಿ ತಗ್ಗಿಸಿದರು. "ಗುರುವಾರ ಆಯಮ್ಮ ಬಂದಾಗ ಪುಸ್ತಕ ಹೊರಗೆ ತೆಗೆದಿದ್ದೆ. ಸೂಚಿ ಪುಟದಲ್ಲಿ ಹುಟ್ಟಿದ ತಾರೀಕಿನ ಎದುರು ಪುಟದ ನಂಬರ್ ನೋಡ್ಕೊಂಡ್ರು. ದೊಡ್ಡ ಡಾಕ್ಟರ್ ಸಹಿ ಇಲ್ಲದೆ ಹಾಳೆ ತೋರಿಸೋ ಹಾಗಿಲ್ಲ, ಸೋಮವಾರ ಬನ್ನಿ ಅಂದೆ. ಕೀ ತಗುಲಿಸೋದನ್ನ ಆಯಮ್ಮ ನೋಡಿದಾರೆ. ನನ್ನ ಕೇಳಿದ್ರೆ ಅವರೇ."

"ತನ್ನ ಹಾಳೆ ತಾನೇ ಕದೀತಾರೇನ್ರೀ?"

"ಆಸ್ತಿ ಗೀಸ್ತಿ ವಿಷಯ ಇರಬಹುದು ಸಾರ್. ಬೇರೆಯವರ ಕಣ್ಣಿಗೆ ಬೀಳಬಾರದು ಅಂತ."

ಇನ್‌ಸ್ಪೆಕ್ಟರ್ ಪುಸ್ತಕ ತೆರೆದರು. ಹಿಂದೊಮ್ಮೆ ಹೊಲಿಗೆ ಬಿಟ್ಟಿದ್ದ ಪುಸ್ತಕ ಅದು. ಒಂದೊಂದು ಹಾಳೆಯ ಅಂಚಿಗೂ ಬೆರಳಗಲದ ಕಾಗದದ ಪಟ್ಟಿ ಅಂಟಿಸಿ, ಆ ಪಟ್ಟಿಗಳನ್ನು ಸೇರಿಸಿ ಮತ್ತೆ ಹೊಲಿದಿದ್ದರು. 212ರ ಜಾಗದಲ್ಲಿ ಪಟ್ಟಿ ಇತ್ತು, ಹಾಳೆ ಇರಲಿಲ್ಲ. ಹರಿದ ಗುರುತು ಇಲ್ಲ, ಬ್ಲೇಡಿನ ಗೆರೆ ಇಲ್ಲ.

ಬೈಂಡಿಂಗ್ ಕೋಣೆ ಹಿಂಬದಿಯಲ್ಲಿತ್ತು. ಮೂವತ್ತೊಂದು ವರ್ಷದಿಂದ ಅಲ್ಲಿ ಹಳೆಯ ದಾಖಲೆಗಳನ್ನು ರಿಪೇರಿ ಮಾಡುತ್ತಿದ್ದ ಹೆಂಗಸಿಗೆ ಈಗ ಐವತ್ತೈದು. ಸದಾ ಮೈದಾ ಗೋಂದಿನ ಬಟ್ಟಲು ಮುಂದಿಟ್ಟುಕೊಂಡೇ ಇರುತ್ತಿದ್ದುದರಿಂದ ಗೋಂದಮ್ಮ. ಅವರು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಹದಿನೆಂಟು ವರ್ಷದ ಹಿಂದೆ ಕಟ್ಟಿದ್ದು ನಾನೇ. ಹರಿದಿಲ್ಲ, ಕೊಯ್ದಿಲ್ಲ ಸಾರ್. ನೀರು ಹಾಕಿ ಬಿಡಿಸಿದ್ರೆ ಹಾಳೆ ಉಬ್ಬಿ, ಪಕ್ಕದ ಹಾಳೆಯ ಶಾಯೀನೂ ಹರಡ್ತಿತ್ತು. ಅದೂ ಇಲ್ಲ."

"ಅಂದ್ರೆ?"

"ಬಿಡಿಸಿದವರಿಗೆ ಕಾಗದದ ಮೇಲೆ ಮರ್ಯಾದೆ ಇದೆ."

"ಸದ್ಯಕ್ಕೆ ಅನುಮಾನ ಆ ಅರ್ಜಿದಾರರ ಮೇಲಿದೆ."

ಗೋಂದಮ್ಮನ ಕೈಯ ಕುಂಚ ಬಟ್ಟಲಿನಲ್ಲೇ ನಿಂತಿತು. "ಅವಳ ಮೇಲಾ?" ಎಂದರು. ಮತ್ತೆ ಗೋಂದು ಕಲಸುತ್ತಾ, "ಪಾಪ, ಅವಳ್ಯಾಕೆ ತಗೋತಾಳೆ," ಎಂದರು.

ಜೀಪು ಹತ್ತಿದೊಡನೆ ಮೀಸೆಯಪ್ಪ ಬಾಯಿಬಿಟ್ಟ.

"ಸಾರ್, ಆ ಗೋಂದಮ್ಮ ಜವಾನನ್ನೂ 'ಅವರು' ಅಂತಾರೆ. ನನ್ನನ್ನೂ 'ನೀವು' ಅಂದ್ರು, ನನ್ನ ಹೆಂಡ್ತೀನೂ ಅನ್ನಲ್ಲ. ಆ ಕನ್ನಡಕದಂಗಡಿಯವರನ್ನ ಮಾತ್ರ 'ಅವಳು' ಅಂದ್ರು. ಅವರಿಬ್ಬರಿಗೂ ಪರಿಚಯ ಇಲ್ವಂತೆ."

"ನಾನೂ ಕೇಳಿಸ್ಕೊಂಡೆ. ಏಕವಚನಕ್ಕೆಲ್ಲ ಕೇಸು ಹಾಕೋಕಾಗಲ್ಲ ಮೀಸೆಯಪ್ಪ. ಪ್ರಯೋಗಾಲಯಕ್ಕೆ ನಡಿ."

ಮಾರ್ಚ್ 13, ಬುಧವಾರ, ಮಧ್ಯಾಹ್ನ 2.15. ಪ್ರಯೋಗಾಲಯದ ತಜ್ಞೆ ಪುಸ್ತಕವನ್ನು ದೀಪದ ಕೆಳಗೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದರು. ಮೊದಲು ಒದ್ದೆ ಹತ್ತಿಯಿಂದ ಪಟ್ಟಿಯ ಒಂದು ಬದಿಯನ್ನು ಒರೆಸಿ ಹತ್ತಿಯನ್ನು ಕೊಳವೆಯಲ್ಲಿ ಭದ್ರ ಮಾಡಿದರು. ಆಮೇಲೆ ಉಳಿದ ಭಾಗಕ್ಕೆ ಅಯೋಡಿನ್ ಸವರಿದರು. ಪಟ್ಟಿಯ ತುದಿಗಳು ಕಡುನೀಲಿಯಾದವು. ನಡುವೆ ಸಾಲಾಗಿ ಗುಂಡು ಗುಂಡನೆಯ ಜಾಗಗಳು ನೀಲಿಯಾಗದೆ ಬೆಳ್ಳಗೆ ಉಳಿದವು.

"ಇದೇನು ಮೇಡಂ?"

"ಗೋಂದು ಮೈದಾದ್ದು. ಮೈದಾದಲ್ಲಿರೋದು ಪಿಷ್ಟ. ಪಿಷ್ಟ ಅಂದ್ರೆ ಸಕ್ಕರೆ ಮಣಿಗಳನ್ನ ಸಾವಿರಗಟ್ಟಲೆ ಪೋಣಿಸಿದ ಸರ ಅನ್ಕೊಳಿ. ಆ ಸರ ಸುರುಳಿ ಸುತ್ಕೊಂಡಿರುತ್ತೆ. ಅಯೋಡಿನ್ ಸುರುಳಿ ಒಳಗೆ ಹೋಗಿ ಕೂತ್ರೆ ನೀಲಿ ಬಣ್ಣ. ಈ ಬಿಳೀ ಜಾಗದಲ್ಲಿ ಯಾರೋ ಸರ ಕತ್ತರಿಸಿದಾರೆ. ಸುರುಳಿ ಇಲ್ಲ, ನೀಲೀನೂ ಇಲ್ಲ."

"ಅಷ್ಟು ಸಣ್ಣ ಕತ್ತರಿ ಎಲ್ಲಿ ಸಿಗುತ್ತೆ?"

"ನಿಮ್ಮ ಬಾಯಲ್ಲೇ ಇದೆ. ಎಂಜಲಲ್ಲಿ ಒಂದು ಕಿಣ್ವ ಇರುತ್ತೆ, ಅದೊಂದು ಪ್ರೋಟೀನು. ಉದ್ದನೆಯ ದಾರ ತನ್ನಷ್ಟಕ್ಕೆ ಮಡಚ್ಕೊಂಡು ಉಂಡೆಯಾಗಿರುತ್ತೆ. ಉಂಡೆಯಲ್ಲೊಂದು ಸಂದು. ಪಿಷ್ಟದ ಸರ ಆ ಸಂದಿಗೆ ಸರಿಯಾಗಿ ಹೊಂದುತ್ತೆ. ಹೊಂದಿತೋ, ಕಚಕ್. ಹತ್ತಿ ಸುತ್ತಿದ ಕಡ್ಡೀನ ಬಾಯಲ್ಲಿ ಒದ್ದೆ ಮಾಡ್ಕೊಂಡು ಒಂದೊಂದೇ ಜಾಗಕ್ಕೆ ಒತ್ತಿದಾರೆ. ಗಂಟೆಗಟ್ಟಲೆ ಹಿಡಿದಿರುತ್ತೆ."

ಮೀಸೆಯಪ್ಪ ಮುಖ ಕಿವಿಚಿದ. "ನಮ್ಮ ಮಾವ ಎಂಜಲು ಕೈಲಿ ಕಾಗೆ ಓಡಿಸಿದವರಲ್ಲ ಸಾರ್. ಇಲ್ಲಿ ಯಾರೋ ಎಂಜಲನ್ನೇ ಧಾರಾಳವಾಗಿ ಖರ್ಚು ಮಾಡಿದಾರೆ!"

"ಹಾಳೆ ಕರಗಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅಲ್ಲೇ ಇರೋದು ಸೊಗಸು. ಕಾಗದಾನೂ ಅದೇ ಸಕ್ಕರೆ ಮಣಿಗಳ ಸರವೇ. ಆದರೆ ಒಂದು ಬಿಟ್ಟು ಒಂದು ಮಣಿ ತಲೆಕೆಳಗು. ಅದಕ್ಕೇ ಸರ ಸುತ್ತಿಕೊಳ್ಳದೆ ನೆಟ್ಟಗೆ ನಿಲ್ಲುತ್ತೆ, ಪಕ್ಕದ ಸರವನ್ನ ಹಿಡ್ಕೊಂಡು ನಾರಾಗುತ್ತೆ. ಎಂಜಲಿನ ಸಂದಿಗೆ ಹೊಂದಲ್ಲ. ಬ್ರೆಡ್ ತಿಂದ್ರೆ ಅರಗುತ್ತೆ, ಪುಸ್ತಕ ತಿಂದ್ರೆ ಅರಗಲ್ಲ."

"ನನಗೆ ಓದಿದ್ರೂ ಅರಗ್ತಿರಲಿಲ್ಲ ಮೇಡಂ," ಎಂದ ಮೀಸೆಯಪ್ಪ.

ತಜ್ಞೆ ನಕ್ಕರು. "ನೀರಿನಿಂದ ಬಿಡಿಸೋದು ಯಾರಿಗಾದ್ರೂ ಹೊಳೆಯುತ್ತೆ. ಇದು ಕೈಕೆಲಸದವರ ಉಪಾಯ. ಆದರೆ ಎಂಜಲಿನ ಜೊತೆ ಬಾಯಿ ಒಳಗಿನ ಜೀವಕೋಶಗಳೂ ಉದುರುತ್ತವೆ. ಅದರಲ್ಲಿ ಡಿಎನ್‌ಎ ಇರುತ್ತೆ. ಪುಸ್ತಕ ಮುಟ್ಟಿದವರದೆಲ್ಲ ಮಾದರಿ ಕಳಿಸಿ."

ಮಾರ್ಚ್ 14ರಂದು ಅವರವರ ಒಪ್ಪಿಗೆ ಬರೆಸಿಕೊಂಡು ನಾಲ್ವರ ಬಾಯಿಯ ಮಾದರಿ ತೆಗೆಯಲಾಯಿತು. ಮಾದರಿ 1 ಗುಮಾಸ್ತರು, 2 ಜವಾನ, 3 ಗೋಂದಮ್ಮ, 4 ಅರ್ಜಿದಾರರು. ಗುಮಾಸ್ತರು ಕಾನೂನು ಕೇಳಿದರು. ಜವಾನ ನೋಯುತ್ತದೆಯೇ ಎಂದು ಕೇಳಿದ. ಗೋಂದಮ್ಮ ಏನೂ ಕೇಳದೆ ಬಾಯಿ ತೆರೆದರು.

ಮಾರ್ಚ್ 27, ಬುಧವಾರ, ಬೆಳಿಗ್ಗೆ 11.40. ತಜ್ಞೆಯ ಫೋನು.

"ಪಟ್ಟಿ ಮೇಲಿನ ಎಂಜಲು ಮಾದರಿ 3ರದ್ದು. ಬೈಂಡರ್ ಅಮ್ಮನದು. ಅದು ನೀವು ಕೇಳಿದ್ದು. ಕೇಳದೇ ಇದ್ದದ್ದು ಇನ್ನೊಂದಿದೆ ಸಾರ್."

"ಹೇಳಿ."

"ಡಿಎನ್‌ಎ ತಿರುಚಿದ ಏಣಿ ಥರ. ನಾವು ಹೋಲಿಸಿ ನೋಡೋ ಪ್ರತಿ ಜಾಗದಲ್ಲೂ ಮನುಷ್ಯನಿಗೆ ಎರಡು ಪ್ರತಿ ಇರ್ತವೆ, ಒಂದು ತಾಯಿ ಕೊಟ್ಟಿದ್ದು, ಒಂದು ತಂದೆ ಕೊಟ್ಟಿದ್ದು. ಇಪ್ಪತ್ತೊಂದು ಜಾಗ ನೋಡಿದೆ. ಮಾದರಿ 3 ಮತ್ತು 4, ಇಪ್ಪತ್ತೊಂದರಲ್ಲೂ ಒಂದೊಂದು ಪ್ರತಿ ಹೊಂದುತ್ತೆ."

"ಅಕ್ಕತಂಗಿಯರಾ?"

"ಅಕ್ಕತಂಗಿಯರಾದ್ರೆ ಎಲ್ಲೋ ಒಂದೆರಡು ಕಡೆ ಪೂರ್ತಿ ತಪ್ಪುತ್ತೆ. ಇಲ್ಲಿ ಒಂದೂ ತಪ್ಪಿಲ್ಲ. ವಯಸ್ಸು ಲೆಕ್ಕ ಹಾಕಿ. ತಾಯಿ, ಮಗಳು."

ಇನ್‌ಸ್ಪೆಕ್ಟರ್ ಫೋನು ಇಟ್ಟು ಮೀಸೆಯಪ್ಪನಿಗೆ ವಿಷಯ ಹೇಳಿದರು. ಮೀಸೆಯಪ್ಪ ತನ್ನ ಏಕವಚನದ ಮಾತನ್ನು ಎತ್ತಿ ಆಡಲಿಲ್ಲ. ಟೋಪಿ ಹಾಕಿಕೊಂಡು ಜೀಪಿನ ಕಡೆ ನಡೆದ.

ಮಧ್ಯಾಹ್ನ 2.30ಕ್ಕೆ ಇಬ್ಬರು ಪಂಚರು, ಶೋಧನಾ ಆದೇಶ, ಒಬ್ಬ ಮಹಿಳಾ ಕಾನ್‌ಸ್ಟೆಬಲ್, ರೈಟರ್ ಎಲ್ಲರೂ ಬೈಂಡಿಂಗ್ ಕೋಣೆಯಲ್ಲಿದ್ದರು. ಹುಡುಕುವ ಕೆಲಸವೇ ಬೀಳಲಿಲ್ಲ. ಇನ್‌ಸ್ಪೆಕ್ಟರ್ ವರದಿ ಬಂತು ಎಂದೊಡನೆ ಗೋಂದಮ್ಮ ಎದ್ದು, ಪುಸ್ತಕ ಒತ್ತುವ ಕಬ್ಬಿಣದ ಯಂತ್ರದ ಹಿಡಿ ತಿರುಗಿಸಿ, ಎರಡು ಬಿಳಿ ಹಾಳೆಗಳ ನಡುವೆ ಇದ್ದದ್ದನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಪುಟ 212. ಒಂದು ಸುಕ್ಕೂ ಇರಲಿಲ್ಲ.

ರೈಟರ್ ಪಂಚನಾಮೆಗೆ ಕೂತರು. ವಶಪಡಿಸಿಕೊಂಡ ದಾಖಲೆಯ ಬರಹವನ್ನು ಇದ್ದ ಹಾಗೇ ಇಳಿಸಬೇಕು. ತಾಯಿಯ ಹೆಸರು, ವಯಸ್ಸು ಹದಿನೇಳು. ಹೆಣ್ಣು ಮಗು. ತೂಕ ಎರಡು ಕಿಲೋ ಆರುನೂರು ಗ್ರಾಂ. ಕೊನೆಯ ಕಾಲಂ ಷರಾ ಎಂದಿತ್ತು. ಅಲ್ಲಿಗೆ ಬಂದು ರೈಟರ್ ತಲೆ ಎತ್ತಿದರು.

"ಇದನ್ನೂ ಬರೀಬೇಕಾ ಸಾರ್?"

ಇನ್‌ಸ್ಪೆಕ್ಟರ್ ಬಾಯಿ ತೆರೆಯುವ ಮೊದಲೇ ಗೋಂದಮ್ಮ ಹಾಳೆಯ ಕಡೆ ನೋಡದೆ ಹೇಳಿದರು: "ತಾಯಿ ಮಗುವಿನ ಮುಖ ನೋಡಲು ಒಪ್ಪಲಿಲ್ಲ. ಎರಡು ಸಲ ತಂದು ತೋರಿಸಲಾಯಿತು. ಬರ್ಕೊಳಿ. ಅಷ್ಟೇ ಇರೋದು."

3.20ಕ್ಕೆ ದಸ್ತಗಿರಿ. ಮಹಿಳಾ ಕಾನ್‌ಸ್ಟೆಬಲ್ ಕೈ ಹಿಡಿಯಲು ಬಂದಾಗ ಗೋಂದಮ್ಮ, "ಒಂದು ನಿಮಿಷಮ್ಮ," ಎಂದು ಕುಂಚ ತೊಳೆದಿಟ್ಟು ಬಟ್ಟಲು ಮುಚ್ಚಿದರು. ಠಾಣೆಯಲ್ಲಿ 4.05ಕ್ಕೆ ಹೇಳಿಕೆ.

"ಹಾಳೆ ಯಾಕೆ ತೆಗೆದ್ರಿ?"

"ಗುರುವಾರ ಅವಳನ್ನ ಕಿಟಕಿಯಿಂದ ನೋಡಿದೆ. 212ನೇ ಪುಟ ಕೇಳ್ತಿದ್ಲು, ಅದು ನನ್ನ ಪುಟ. ಅವಳು ನನ್ನ ಹೆಸರು ಓದ್ಲಿ ಸಾರ್, ಬೇಡ ಅನ್ನಲ್ಲ. ಬಂದು ಬಾಗಿಲಲ್ಲಿ ನಿಂತು ಉಗಿದ್ರೂ ಸರಿ. ಆ ಕೊನೇ ಸಾಲು ಓದಬಾರದು ಅಂತ. ಅದೊಂದನ್ನ ಕೆರೆದು, ಸೋಮವಾರದೊಳಗೆ ಹಾಳೆ ವಾಪಸ್ ಅಂಟಿಸೋಣ ಅನ್ಕೊಂಡೆ."

"ಮತ್ತೆ ಯಾಕೆ ಕೆರೀಲಿಲ್ಲ?"

"ಶನಿವಾರ ಭಾನುವಾರ ಎರಡು ದಿನಾನೂ ಬ್ಲೇಡು ಹಿಡ್ಕೊಂಡು ಕೂತೆ. ಕೈ ಬರಲಿಲ್ಲ. ಅವಳ ತೂಕ ಬರೆದಿರೋ ಹಾಳೆ ಅದು."

"ಮಾದರಿ ಕೇಳಿದಾಗ ಸಿಕ್ಕಿಬೀಳ್ತೀನಿ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಬಾಯಿಬಿಟ್ಟು ಹೇಳೋಕೆ ಧೈರ್ಯ ಇರಲಿಲ್ಲ. ಅಪವಾದ ಅವಳ ಮೇಲೆ ಬರ್ತಿತ್ತಲ್ಲ, ಅದಕ್ಕೆ ಕೊಟ್ಟೆ."

ರೈಟರ್ ಪೆನ್ನು ನಿಲ್ಲಿಸಿದರು. ಇನ್‌ಸ್ಪೆಕ್ಟರ್ ಇನ್ನೇನಾದರೂ ಸೇರಿಸುವುದಿದೆಯೇ ಎಂದು ಕೇಳಿದರು. ಗೋಂದಮ್ಮ ಇದೆ ಎಂದರು.

"ಗೋಡೆ ಕಡೆ ತಿರುಗಿ ಮಲಗಿದ್ದು ನಿಜ. ಆ ಸಾಲು ಸುಳ್ಳಲ್ಲ. ನೋಡಿಬಿಟ್ರೆ ಕೊಡೋಕಾಗಲ್ಲ ಅಂತ ನನಗೆ ಗೊತ್ತಿತ್ತು. ಮನೆಯವರು ಹೊರಗೆ ಕಾಯ್ತಿದ್ರು, ಕೊಡಲೇಬೇಕಿತ್ತು. ಅದನ್ನ ಬರೆಯೋಕೆ ಪುಸ್ತಕದಲ್ಲಿ ಜಾಗ ಇರಲಿಲ್ಲ."

ಅರ್ಜಿದಾರರನ್ನು 5 ಗಂಟೆಗೆ ಬರಹೇಳಿದ್ದರು. ಇನ್‌ಸ್ಪೆಕ್ಟರ್ ಹಾಳೆಯ ನಕಲನ್ನೂ ಹೇಳಿಕೆಯನ್ನೂ ಒಟ್ಟಿಗೇ ಮುಂದಿಟ್ಟು, ಎರಡನ್ನೂ ಓದಿ, ಒಂದನ್ನೇ ಓದಿ ಎದ್ದುಹೋಗಬೇಡಿ ಎಂದರು. ಅವರು ಓದಿದರು. ಕನ್ನಡಕ ತೆಗೆದು ಒರೆಸಿ, ಹೇಳಿಕೆಯನ್ನು ಇನ್ನೊಮ್ಮೆ ಓದಿದರು.

"ಇನ್ನೂ ಇಲ್ಲೇ ಇದಾರಾ?"

"ಪಕ್ಕದ ಕೋಣೇಲಿ. 5.30ಕ್ಕೆ ನ್ಯಾಯಾಧೀಶರ ಮುಂದೆ ಕರ್ಕೊಂಡು ಹೋಗಬೇಕು."

ಈ ಮಾತು ಗೋಂದಮ್ಮನಿಗೆ ಕೇಳಿಸಿರಬೇಕು. ಅರ್ಜಿದಾರರು ಬಾಗಿಲಿಗೆ ಬರುವಷ್ಟರಲ್ಲಿ ಅವರು ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಮಹಿಳಾ ಕಾನ್‌ಸ್ಟೆಬಲ್ ಎದ್ದು ಹೊರಗೆ ಬಂದಳು. ಅರ್ಜಿದಾರರು ಹೊಸಿಲಿನಲ್ಲೇ ನಿಂತರು. ಕೊನೆಗೆ, ತಮ್ಮ ಅಂಗಡಿಯಲ್ಲಿ ದಿನವೂ ಬಂದುಹೋಗುವವರಿಗೆ ಹೇಳುವ ದನಿಯಲ್ಲೇ ಹೇಳಿದರು:

"ಸ್ವಲ್ಪ ಈ ಕಡೆ ತಿರುಗಿ."

ಜೀಪು ಆ ದಿನ ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ಠಾಣೆಯ ಡೈರಿಯಲ್ಲಿ ಕಾರಣ 'ಟೈರು' ಎಂದು ಮೀಸೆಯಪ್ಪನ ಕೈಬರಹದಲ್ಲಿದೆ.